850 ಡಾಲರಿನ ರಿವಾಲ್ವರ್: 2015ರ ಡಿಸೆಂಬರ್‌ನಲ್ಲಿ ಕೌಂಟರ್-ಸ್ಟ್ರೈಕ್ ಆಟಗಾರರು ಸಿಟ್ಟಿಗೆದ್ದದ್ದು ಏಕೆ

2015ರ ಡಿಸೆಂಬರ್ 8ರ ಮಂಗಳವಾರ ವಾಲ್ವ್ ಕಂಪನಿ ‘ಕೌಂಟರ್-ಸ್ಟ್ರೈಕ್: ಗ್ಲೋಬಲ್ ಅಫೆನ್ಸಿವ್’ ಎಂಬ ತನ್ನ ಬಂದೂಕು ಕಾಳಗದ ಕಂಪ್ಯೂಟರ್ ಆಟಕ್ಕೆ ಚಳಿಗಾಲದ ಅಪ್‌ಡೇಟ್ ಬಿಡುಗಡೆ ಮಾಡಿತು. ಅದರಲ್ಲೊಂದು ಹೊಸ ಪಿಸ್ತೂಲ್ ಇತ್ತು, ಆರ್8 ರಿವಾಲ್ವರ್. ಆಟದೊಳಗಿನ ಹಣದಲ್ಲಿ ಅದರ ಬೆಲೆ 850 ಡಾಲರ್. ಭಾರತದಲ್ಲಿ ಬುಧವಾರ ಕಳೆಯುವಷ್ಟರಲ್ಲಿ ಪಂದ್ಯದ ಮೇಲೆ ಪಂದ್ಯದಲ್ಲಿ ಎರಡೂ ತಂಡದವರು ರೈಫಲ್ ಬದಿಗಿಟ್ಟು ಅದನ್ನೇ ಹಿಡಿದು ಓಡಾಡುತ್ತಿದ್ದರು. ಎರಡೇ ದಿನಗಳಲ್ಲಿ ವಾಲ್ವ್ ಆ ಬಂದೂಕಿನ ಹಲ್ಲು ಕಿತ್ತು ಹಾಕಿತು. ಅಷ್ಟರೊಳಗೆ ಆಟಗಾರರ ಸಿಟ್ಟು ನೆತ್ತಿಗೇರಿತ್ತು.

ಆಟಗಾರರ ಹತಾಶೆ ಎಂದ ಕೂಡಲೇ ಸೋತವರ ಗೊಣಗಾಟ ಎಂದು ತಳ್ಳಿಹಾಕುವವರೇ ಹೆಚ್ಚು. ಆರ್8 ಪ್ರಕರಣವನ್ನು ಹತ್ತಿರದಿಂದ ನೋಡಿದರೆ ಆ ಮಾತು ನಿಲ್ಲುವುದಿಲ್ಲ. ಕೌಂಟರ್-ಸ್ಟ್ರೈಕ್ ಆಡುವವರು ದಿನಕ್ಕೆ ಹತ್ತಾರು ಬಾರಿ ಸಾಯುತ್ತಾರೆ, ಸತ್ತು ಮುಂದಿನ ಸುತ್ತಿಗೆ ಕಾಯುತ್ತಾರೆ. ಸಾವು ಅವರಿಗೆ ಹೊಸದಲ್ಲ. ಹಾಗಿದ್ದೂ ಈ ಒಂದು ಬಂದೂಕು ಅವರನ್ನು ಈ ಪರಿ ಕೆರಳಿಸಿತೆಂದರೆ ಅದಕ್ಕೆ ಲೆಕ್ಕ ಹಾಕಿ ತೋರಿಸಬಹುದಾದ ಕಾರಣಗಳಿವೆ. ಅವನ್ನೇ ಒಂದೊಂದಾಗಿ ಬಿಡಿಸಿಡುತ್ತೇನೆ.

ಹಣದ ಲೆಕ್ಕ

ಆಟ ಗೊತ್ತಿಲ್ಲದವರಿಗಾಗಿ ಎರಡು ಮಾತು. ಐವರ ಎರಡು ತಂಡಗಳು. ಒಂದು ತಂಡ ಬಾಂಬ್ ಇಡಬೇಕು, ಇನ್ನೊಂದು ತಡೆಯಬೇಕು. ಒಂದು ಸುತ್ತಿನಲ್ಲಿ ಸತ್ತವನು ಆ ಸುತ್ತು ಮುಗಿಯುವವರೆಗೆ ಮರಳಿ ಬರುವಂತಿಲ್ಲ. ಆಗಿನ ನಿಯಮದಲ್ಲಿ ಪಂದ್ಯಕ್ಕೆ 30 ಸುತ್ತು, ಮೊದಲು 16 ಗೆದ್ದವರಿಗೆ ಜಯ. ಪ್ರತಿ ಸುತ್ತಿನ ಆರಂಭದಲ್ಲಿ ಕೈಯಲ್ಲಿರುವ ಹಣದಿಂದಲೇ ಬಂದೂಕು, ಕವಚ, ಗ್ರೆನೇಡ್‌ಗಳನ್ನು ಕೊಳ್ಳಬೇಕು. ಈ ಆಟದ ಜೀವಾಳ ಇರುವುದು ಗುರಿಯಲ್ಲಿ ಎಷ್ಟೋ ಅಷ್ಟೇ ಈ ಹಣದ ಲೆಕ್ಕಾಚಾರದಲ್ಲಿ.

ಒಬ್ಬ ಆಟಗಾರನನ್ನು ಹಿಂಬಾಲಿಸೋಣ. ಅವನು ತಡೆಯುವ ತಂಡದಲ್ಲಿದ್ದಾನೆ. ಮೊದಲ ಸುತ್ತಿಗೆ ಎಲ್ಲರಿಗೂ ಸಿಗುವುದು 800 ಡಾಲರ್. ಅವನು 650 ಕೊಟ್ಟು ಎದೆಕವಚ ಕೊಂಡ, 150 ಉಳಿಯಿತು. ಒಬ್ಬ ಎದುರಾಳಿಯನ್ನು ಹೊಡೆದ, 300 ಬಂತು. ಆಮೇಲೆ ತಾನೂ ಸತ್ತ, ತಂಡ ಸೋತಿತು. ಸೋತ ತಂಡದ ಪ್ರತಿಯೊಬ್ಬನಿಗೂ ಆಗ 1400 ಸಿಗುತ್ತಿತ್ತು. ಈಗ ಅವನ ಕೈಯಲ್ಲಿರುವುದು 1850.

ಡಿಸೆಂಬರ್ 8ಕ್ಕೆ ಮೊದಲಾಗಿದ್ದರೆ ಅವನು ಏನು ಮಾಡುತ್ತಿದ್ದ? ಸಾಮಾನ್ಯವಾಗಿ ಏನನ್ನೂ ಕೊಳ್ಳುತ್ತಿರಲಿಲ್ಲ. ಎದುರಾಳಿಗಳು ಗೆದ್ದ ಹಣದಲ್ಲಿ ಒಳ್ಳೆಯ ಬಂದೂಕು ಹಿಡಿದು ಬರುತ್ತಾರೆ, ಎರಡನೆಯ ಸುತ್ತು ಹೋದರೆ ಹೋಗಲಿ ಎಂದು ಬಿಟ್ಟುಕೊಡುತ್ತಿದ್ದ. ಇದನ್ನೇ ಆಟಗಾರರು ಇಕೋ ರೌಂಡ್ ಎನ್ನುತ್ತಾರೆ. ಎರಡನೆಯ ಸೋಲಿಗೆ ಆಗ 1900 ಸಿಗುತ್ತಿತ್ತು. 1850ಕ್ಕೆ ಅದು ಸೇರಿದರೆ 3750. ಎಂ4 ರೈಫಲ್‌ಗೆ ಆಗ 3100, ಎದೆಕವಚಕ್ಕೆ 650, ಒಟ್ಟು ಸರಿಯಾಗಿ 3750. ಮೂರನೆಯ ಸುತ್ತಿನಲ್ಲಿ ಅವನು ಸಮಬಲದಲ್ಲಿ ನಿಲ್ಲಬಹುದು. ಒಂದು ಸುತ್ತಿನ ತಾಳ್ಮೆ ಮುಂದಿನ ಸುತ್ತಿನ ಬಲವಾಗುತ್ತದೆ. ಗೆದ್ದ ತಂಡಕ್ಕೂ ಇದರಲ್ಲಿ ನ್ಯಾಯವಿದೆ, ಮೊದಲ ಸುತ್ತು ಗೆದ್ದದ್ದಕ್ಕೆ ಎರಡನೆಯ ಸುತ್ತಿನಲ್ಲಿ ಮೇಲುಗೈ ಎಂಬ ಬಹುಮಾನ.

ಡಿಸೆಂಬರ್ 8ರ ನಂತರ ಅದೇ ಹುಡುಗ ಅದೇ 1850 ಡಾಲರ್ ಹಿಡಿದು ಅಂಗಡಿಯ ಪರದೆ ತೆರೆಯುತ್ತಾನೆ. ಆರ್8ಗೆ 850. ಕವಚ ಮತ್ತು ಹೆಲ್ಮೆಟ್ ಸೇರಿ 1000. ಮೊತ್ತ 1850. ಒಂದು ಡಾಲರೂ ಹೆಚ್ಚಿಲ್ಲ, ಕಡಿಮೆಯಿಲ್ಲ. ತಾಳ್ಮೆಯ ಸುತ್ತಿನಲ್ಲೇ ಅವನಿಗೆ ಪೂರ್ತಿ ಶಸ್ತ್ರ ಸಿಕ್ಕಿಬಿಟ್ಟಿತು. ಎದುರಿನಿಂದ 2700 ಡಾಲರಿನ ಎಕೆ-47 ಹಿಡಿದು ಬಂದವನನ್ನು ಒಂದೇ ಗುಂಡಿಗೆ ಕೆಡವಿದರೆ 300 ಡಾಲರ್ ಬಹುಮಾನ, ಜತೆಗೆ ನೆಲಕ್ಕೆ ಬಿದ್ದ ಎಕೆ-47 ಕೂಡ ಅವನದೇ. ಮೊದಲ ಸುತ್ತು ಗೆದ್ದವರ ಮೇಲುಗೈ ಒಂದು ಮೂಲೆ ತಿರುಗುವಷ್ಟರಲ್ಲಿ ಕೈಬಿಟ್ಟು ಹೋಯಿತು.

ಒಂದೇ ಗುಂಡಿಗೆ ಎಂದೆ. ಅದಕ್ಕೂ ಲೆಕ್ಕವಿದೆ. ಈ ಆಟದಲ್ಲಿ ಪ್ರತಿಯೊಬ್ಬನ ಆಯಸ್ಸು 100 ಅಂಕ. ಬಿಡುಗಡೆಯ ದಿನ ಆರ್8ನ ಮೂಲ ಪೆಟ್ಟು 115 ಅಂಕ. ಕವಚವನ್ನು ಸೀಳಿ ಅದರಲ್ಲಿ ಶೇಕಡಾ 93.2 ಒಳಗಿಳಿಯುತ್ತದೆ. ಅಂದರೆ ಕವಚ ತೊಟ್ಟವನ ಎದೆಗೆ ಹತ್ತಿರದಿಂದ ಬಿದ್ದ ಗುಂಡು 107 ಅಂಕ ಕಸಿಯುತ್ತದೆ. ಹೊಟ್ಟೆಗೆ ಬಿದ್ದರೆ ಅದರ ಒಂದೂಕಾಲು ಪಟ್ಟು. ದೂರ ಹೆಚ್ಚಿದಂತೆ ಪೆಟ್ಟು ಕುಗ್ಗುತ್ತದೆ ನಿಜ, ಆದರೆ ಬಾಗಿಲು, ಮೂಲೆ, ಮೆಟ್ಟಿಲುಗಳಲ್ಲಿ ನಡೆಯುವ ಹೆಚ್ಚಿನ ಮುಖಾಮುಖಿಗಳಲ್ಲಿ ಆ ಕುಗ್ಗುವಿಕೆ ಯಾರನ್ನೂ ಉಳಿಸುವಷ್ಟಿರಲಿಲ್ಲ.

ಈ 115 ಎಂಬ ಸಂಖ್ಯೆಯನ್ನು ಅನುಭವಿ ಆಟಗಾರರು ಕೂಡಲೇ ಗುರುತಿಸಿದರು. ಅದು ಎಡಬ್ಲ್ಯೂಪಿ ಸ್ನೈಪರ್ ರೈಫಲ್‌ನ ಪೆಟ್ಟು. ಎಡಬ್ಲ್ಯೂಪಿಯ ಬೆಲೆ 4750. ಅದನ್ನು ಹಿಡಿದವನು ನಿಧಾನವಾಗಿ ನಡೆಯುತ್ತಾನೆ, ದುರ್ಬೀನಿನೊಳಗೆ ಕಣ್ಣಿಟ್ಟಾಗ ಅಕ್ಕಪಕ್ಕ ಕಾಣುವುದಿಲ್ಲ, ಗುರಿ ತಪ್ಪಿದರೆ ಮುಂದಿನ ಗುಂಡಿಗೆ ಕಾಯಬೇಕು. ಒಬ್ಬನನ್ನು ಹೊಡೆದರೆ ಸಿಗುವುದು ಕೇವಲ 100 ಡಾಲರ್. ಆ ಬಂದೂಕಿನ ಬಲವನ್ನು ಆಟಗಾರರು ಸಹಿಸಿಕೊಂಡಿದ್ದು ಅದರ ಸುತ್ತ ಕಟ್ಟಿದ ಇಷ್ಟೊಂದು ಬೇಲಿಗಳಿಂದಾಗಿ. ಅದೇ ಬಲವನ್ನು 850 ಡಾಲರಿಗೆ, ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಗಾತ್ರದಲ್ಲಿ, ಮೂರು ಪಟ್ಟು ಬಹುಮಾನದೊಂದಿಗೆ ಕೊಟ್ಟಾಗ ಬೇಲಿಯೇ ಉಳಿಯಲಿಲ್ಲ.

ಕ್ಷಣಾರ್ಧದ ವಿಳಂಬ

ವಿನ್ಯಾಸಕರು ಏನೂ ಯೋಚಿಸದೆ ಇದನ್ನು ಬಿಟ್ಟರು ಎನ್ನುವುದು ಅನ್ಯಾಯದ ಮಾತು. ಆರ್8ಗೆ ಒಂದು ತಡೆಯನ್ನು ಅವರು ಇಟ್ಟಿದ್ದರು, ಅದು ಜಾಣ ಕಲ್ಪನೆಯೂ ಆಗಿತ್ತು. ಬೇರೆ ಪಿಸ್ತೂಲ್‌ಗಳಲ್ಲಿ ಮೌಸ್‌ನ ಗುಂಡಿ ಒತ್ತಿದ ಕ್ಷಣವೇ ಗುಂಡು ಹೊರಡುತ್ತದೆ. ಆರ್8ನಲ್ಲಿ ಗುಂಡಿಯನ್ನು ಒತ್ತಿ ಹಿಡಿಯಬೇಕು. ರಿವಾಲ್ವರ್‌ನ ಹ್ಯಾಮರ್ ಹಿಂದಕ್ಕೆ ಸರಿಯುತ್ತದೆ, ಅದು ಪೂರ್ತಿ ಸರಿದ ಮೇಲೆಯೇ ಗುಂಡು ಹಾರುತ್ತದೆ. ನಡುವೆ ಬೆರಳು ತೆಗೆದರೆ ಹ್ಯಾಮರ್ ಸ್ವಸ್ಥಾನಕ್ಕೆ ಮರಳುತ್ತದೆ. ಬಲಗುಂಡಿ ಒತ್ತಿದರೆ ವಿಳಂಬವಿಲ್ಲದೆ ಹಾರುತ್ತದೆ, ಆದರೆ ಗುರಿ ಎಲ್ಲೆಲ್ಲೋ ಚೆದರುತ್ತದೆ. ಒಟ್ಟು ಎಂಟು ಗುಂಡು. ಡೆಸರ್ಟ್ ಈಗಲ್ ಎಂಬ ಇನ್ನೊಂದು ಪಿಸ್ತೂಲ್ ಇರುವ ಸ್ಥಾನದಲ್ಲೇ ಇದನ್ನು ಇಟ್ಟಿದ್ದರಿಂದ ಎರಡರಲ್ಲಿ ಒಂದನ್ನಷ್ಟೇ ಆರಿಸಿಕೊಳ್ಳಲು ಸಾಧ್ಯ.

ಕಾಗದದ ಮೇಲೆ ಇದು ಸರಿಯಾದ ಕೊಡುಕೊಳ್ಳುವಿಕೆ. ಎದುರಾಳಿಯನ್ನು ಕಂಡ ಮೇಲೆ ಗುಂಡಿ ಒತ್ತಿ ಹಿಡಿಯುವವನು ಕ್ಷಣಾರ್ಧ ಕಾಯಬೇಕು, ಆ ಕ್ಷಣಾರ್ಧದಲ್ಲಿ ರೈಫಲ್ ಹಿಡಿದವನಿಗೆ ಅವಕಾಶ ಸಿಗಬೇಕು.

ಈಗ ಡಸ್ಟ್-2 ಎಂಬ ಆಟದ ಕಣದಲ್ಲಿ ಲಾಂಗ್ ಎಂಬ ದಾರಿಯ ಬಾಗಿಲುಗಳ ಬಳಿ ನಿಂತು ನೋಡೋಣ. ಎಕೆ-47 ಹಿಡಿದವನು ಬಾಗಿಲು ದಾಟಿ ಬಂದು ಮೂಲೆಯ ಮೇಲೆ ಗುರಿಯಿಟ್ಟು ನಿಂತಿದ್ದಾನೆ. ಅವನ ಕ್ರಾಸ್‌ಹೇರ್, ಅಂದರೆ ಪರದೆಯ ಮೇಲಿನ ಗುರಿಯ ಗುರುತು, ತಲೆಯ ಎತ್ತರದಲ್ಲಿ ಸರಿಯಾಗಿಯೇ ಇದೆ. ಮೂಲೆಯ ಹಿಂದೆ ಆರ್8 ಹಿಡಿದವನು ಇನ್ನೂ ಗೋಡೆಯ ಮರೆಯಲ್ಲಿದ್ದಾಗಲೇ ಗುಂಡಿ ಒತ್ತಿ ಹಿಡಿಯುತ್ತಾನೆ. ಹ್ಯಾಮರ್ ಸರಿಯತೊಡಗುತ್ತದೆ. ಅದು ಮುಗಿಯುವ ಹೊತ್ತಿಗೆ ಸರಿಯಾಗಿ ಹೊರಗೆ ಹೆಜ್ಜೆಯಿಡುತ್ತಾನೆ. ಎಕೆ ಹಿಡಿದವನ ಪರದೆಯಲ್ಲಿ ಭುಜವೊಂದು ಕಾಣಿಸಿಕೊಳ್ಳುವುದಕ್ಕೂ ಪರದೆ ಕೆಂಪಾಗುವುದಕ್ಕೂ ನಡುವೆ ಏನೂ ಇರುವುದಿಲ್ಲ. ವಿಳಂಬ ಎಂಬ ದಂಡವನ್ನು ಆರ್8ನವನು ಕಟ್ಟಿದ್ದೇನೋ ನಿಜ, ಆದರೆ ಯಾರೂ ನೋಡದ ಜಾಗದಲ್ಲಿ ಕಟ್ಟಿ ಮುಗಿಸಿದ್ದ.

ಇದಕ್ಕೆ ಅಂತರ್ಜಾಲದ ಸ್ವಭಾವವೂ ಕೈಜೋಡಿಸಿತು. ಆನ್‌ಲೈನ್ ಶೂಟರ್‌ಗಳಲ್ಲಿ ಮೂಲೆಯಿಂದ ಹೊರಬರುವವನು ಎದುರಾಳಿಯನ್ನು ತುಸು ಮೊದಲೇ ನೋಡುತ್ತಾನೆ. ಅವನು ಹೆಜ್ಜೆಯಿಟ್ಟ ಸುದ್ದಿ ಸರ್ವರ್‌ಗೆ ತಲುಪಿ, ಅಲ್ಲಿಂದ ಕಾಯುತ್ತಿರುವವನ ಪರದೆಗೆ ಬರಬೇಕು. ಆಟಗಾರರನ್ನು ತಾನಾಗಿ ಜೋಡಿಸಿ ಆಡಿಸುವ ಮ್ಯಾಚ್‌ಮೇಕಿಂಗ್ ಸರ್ವರ್‌ಗಳು ಆಗ ಸೆಕೆಂಡಿಗೆ 64 ಬಾರಿ ಆಟದ ಸ್ಥಿತಿಯನ್ನು ಲೆಕ್ಕ ಹಾಕುತ್ತಿದ್ದವು, ಅಂದರೆ ಸುಮಾರು 16 ಮಿಲಿಸೆಕೆಂಡಿಗೊಮ್ಮೆ. ಅದರ ಮೇಲೆ ಇಬ್ಬರ ಪಿಂಗ್, ಅಂದರೆ ಸುದ್ದಿ ಸರ್ವರ್‌ಗೆ ಹೋಗಿ ಬರಲು ಹಿಡಿಯುವ ಹೊತ್ತು, ಸೇರುತ್ತದೆ. ಗುಂಡು ಹಾರಿಸಿದವನ ಪರದೆಯಲ್ಲಿ ಎದುರಾಳಿ ಎಲ್ಲಿ ಕಂಡಿದ್ದನೋ ಅದನ್ನೇ ಸರ್ವರ್ ನಂಬುವುದರಿಂದ, ಗೋಡೆಯ ಮರೆಗೆ ಸರಿದ ಮೇಲೂ ಸತ್ತೆ ಎಂಬ ಅನುಭವ ಆಗುತ್ತದೆ. ಹತ್ತಿರದ ಸರ್ವರ್ ಸಿಗದೆ ದೂರದ ಊರಿನ ಸರ್ವರ್‌ನಲ್ಲಿ ಆಡುವವರಿಗೆ ಇದರ ಬಿಸಿ ಇನ್ನೂ ಹೆಚ್ಚು. ಈ ಆಟದ ಹಳೆಯ ಆವೃತ್ತಿಯಾದ ಕೌಂಟರ್-ಸ್ಟ್ರೈಕ್ 1.6ರ ಕಾಲದಲ್ಲಿ ಬೆಂಗಳೂರಿನ ಗೇಮಿಂಗ್ ಕೆಫೆಗಳಲ್ಲಿ ಪಕ್ಕಪಕ್ಕದ ಕಂಪ್ಯೂಟರ್‌ಗಳಲ್ಲಿ ಕುಳಿತು ಆಡಿ ಕಲಿತವರಿಗೆ ಇದು ಚೆನ್ನಾಗಿ ಅರ್ಥವಾಗುವ ವ್ಯತ್ಯಾಸ. ಅಲ್ಲಿ ಸತ್ತರೆ ತಪ್ಪು ಯಾರದು ಎಂಬುದು ತಕ್ಷಣ ತಿಳಿಯುತ್ತಿತ್ತು.

ರೈಫಲ್‌ಗಳ ಕಾದಾಟದಲ್ಲಿ ಇದೇ ತೊಂದರೆ ಇದ್ದರೂ ಅದು ಅಷ್ಟಾಗಿ ನೋಯಿಸುವುದಿಲ್ಲ. ಎದೆಗೆ ಒಂದು ಗುಂಡು ಬಿದ್ದರೂ ಆಯಸ್ಸು ಉಳಿದಿರುತ್ತದೆ, ತಿರುಗಿ ಹೊಡೆಯಲು ಅಥವಾ ಸರಿದುಕೊಳ್ಳಲು ಒಂದು ಉಸಿರಿನಷ್ಟು ಹೊತ್ತಿರುತ್ತದೆ. ಎದೆಗೆ ಒಂದೇ ಗುಂಡು ಸಾಕಾಗುವ ಬಂದೂಕಿನ ಎದುರು ಆ ಉಸಿರೂ ಇಲ್ಲ. ಎಕೆ-47 ಕೂಡ ಹೆಲ್ಮೆಟ್ ತೊಟ್ಟ ತಲೆಗೆ ಒಂದೇ ಗುಂಡು ಸಾಕೆನಿಸುವ ಬಂದೂಕು. ಆದರೆ ತಲೆ ಚಿಕ್ಕ ಗುರಿ. ಅಲ್ಲಿ ಸತ್ತವನು ಹೊಡೆದವನ ಕೈಯನ್ನು ಮೆಚ್ಚಿಕೊಳ್ಳಬಲ್ಲ. ಎದೆ, ಹೊಟ್ಟೆ, ತೋಳು ಎಲ್ಲವೂ ಸಾವಿನ ಜಾಗವಾದಾಗ ಮೆಚ್ಚಿಕೊಳ್ಳಲು ಏನೂ ಉಳಿಯುವುದಿಲ್ಲ.

ಉಪಾಯ ಇತ್ತು, ಆದರೆ ಯಾರ ಕೈಯಲ್ಲಿ?

ನನ್ನ ದೃಷ್ಟಿಯಲ್ಲಿ ಈ ಪ್ರಕರಣದ ತಿರುಳು ಇಲ್ಲಿದೆ. ಆರ್8ಗೆ ಎದುರುಪಾಯ ಇರಲೇ ಇಲ್ಲ ಎನ್ನಲಾಗದು. ಅದರ ಎರಡು ಗುಂಡುಗಳ ನಡುವೆ ಅಂತರ ದೊಡ್ಡದು, ಮತ್ತೆ ಹ್ಯಾಮರ್ ಎಳೆಯಬೇಕು. ಹಾಗಾಗಿ ಇಬ್ಬರು ಒಟ್ಟಿಗೆ ಮೂಲೆ ತಿರುಗಿದರೆ ಒಬ್ಬ ಬಿದ್ದರೂ ಇನ್ನೊಬ್ಬ ಆರ್8ನವನನ್ನು ಹೊಡೆದುರುಳಿಸಬಹುದು. ಆಟದ ಭಾಷೆಯಲ್ಲಿ ಇದು ಟ್ರೇಡ್. ಕಬಡ್ಡಿಯಲ್ಲಿ ಬಲವಾದ ರೈಡರ್ ಬಂದಾಗ ಒಬ್ಬ ಡಿಫೆಂಡರ್ ತಾನೇ ಹಾರಿದರೆ ಔಟಾಗುತ್ತಾನೆ, ಕೈಹಿಡಿದ ಜೋಡಿ ಏಕಕಾಲಕ್ಕೆ ನುಗ್ಗಿದರೆ ರೈಡರ್ ಸಿಕ್ಕಿಬೀಳುತ್ತಾನೆ. ಇದೂ ಹಾಗೆಯೇ. ಮೊದಲು ಒಬ್ಬ ಫ್ಲ್ಯಾಶ್ ಎಸೆದು ಎದುರಾಳಿಯ ಕಣ್ಣು ಕುರುಡಾಗಿಸಬೇಕು, ಇನ್ನೊಬ್ಬ ಮೂಲೆಗೆ ಮೊಲೊಟೊವ್ ಎಂಬ ಬೆಂಕಿ ಬಾಟಲಿ ಎಸೆದು ಅಲ್ಲಿ ನಿಲ್ಲದಂತೆ ಮಾಡಬೇಕು, ಹತ್ತಿರದ ದಾರಿಯನ್ನು ಸ್ಮೋಕ್‌ನಿಂದ ಮುಚ್ಚಿ ಕಾದಾಟವನ್ನು ರೈಫಲ್‌ಗೆ ಅನುಕೂಲವಾದ ದೂರಕ್ಕೆ ಎಳೆಯಬೇಕು.

ಒಟ್ಟಿಗೆ ಅಭ್ಯಾಸ ಮಾಡುವ ಐವರ ತಂಡಕ್ಕೆ ಇದೆಲ್ಲ ಸಾಧ್ಯ. ಆದರೆ ಮ್ಯಾಚ್‌ಮೇಕಿಂಗ್‌ನಲ್ಲಿ ಸೇರುವವರಲ್ಲಿ ಬಹಳಷ್ಟು ಮಂದಿ ಒಬ್ಬೊಬ್ಬರೇ ಬಂದ ಅಪರಿಚಿತರು. ಒಬ್ಬನ ಮೈಕ್ ಕೆಲಸ ಮಾಡುವುದಿಲ್ಲ, ಇನ್ನೊಬ್ಬನ ಭಾಷೆ ಬೇರೆ, ಮತ್ತೊಬ್ಬ ಆಗಲೇ ಮುನಿಸಿಕೊಂಡಿದ್ದಾನೆ. ಅವರಿಗೆ ಉಪಾಯ ಗೊತ್ತಿದ್ದರೂ ಪ್ರಯೋಜನವಿಲ್ಲ, ಏಕೆಂದರೆ ಅದು ಪಕ್ಕದವನ ಕೈಯಲ್ಲಿದೆ. ಒಬ್ಬಂಟಿ ಆಟಗಾರನಿಗೆ ತನ್ನಷ್ಟಕ್ಕೆ ಮಾಡಬಹುದಾದ ಕೆಲಸ ಒಂದೇ ಉಳಿಯಿತು, ತಾನೂ ಆರ್8 ಕೊಳ್ಳುವುದು. ಹಾಗಾಗಿ ಎಲ್ಲರೂ ಕೊಂಡರು. ಅದು ಇಷ್ಟದ ಆಯ್ಕೆಯಾಗಿರಲಿಲ್ಲ.

ಸಿಟ್ಟು ದಿಕ್ಕು ಬದಲಿಸುವುದು ಇಲ್ಲಿಯೇ. ಬಂದೂಕಿನ ಮೇಲೆ ಹುಟ್ಟಿದ ಕೋಪ ಬಂದೂಕಿನ ಮೇಲೆಯೇ ಉಳಿಯುವುದಿಲ್ಲ. ಮೊದಲು ಸತ್ತವನು, ನನ್ನ ಹಿಂದೆ ಬರಲಿಲ್ಲವೇಕೆ ಎಂದು ಜೊತೆಗಾರನನ್ನು ಕೇಳುತ್ತಾನೆ. ಜೊತೆಗಾರ, ಒಬ್ಬನೇ ನುಗ್ಗಿದ್ದೇಕೆ ಎಂದು ತಿರುಗಿ ಕೇಳುತ್ತಾನೆ. ಇಬ್ಬರ ಮಾತಿನಲ್ಲೂ ಸತ್ಯವಿದೆ. ಇಬ್ಬರೂ ಒಂದೇ ಕೊರತೆಯನ್ನು ಎರಡು ಕಡೆಯಿಂದ ಮುಟ್ಟುತ್ತಿದ್ದಾರೆ. ಆನ್‌ಲೈನ್ ಆಟಗಳಲ್ಲಿ ಬೈಗುಳದ ವಾತಾವರಣ ಬೆಳೆಯುವುದಕ್ಕೆ ಆಟಗಾರರ ನಡತೆಯೊಂದೇ ಕಾರಣ ಎಂದು ಹೇಳುವವರು ಈ ಕೊಂಡಿಯನ್ನು ಗಮನಿಸಬೇಕು. ಅಪರಿಚಿತರ ಹೊಂದಾಣಿಕೆಯಿಂದ ಮಾತ್ರ ಎದುರಿಸಬಹುದಾದ ಆಯುಧವನ್ನು ಅಪರಿಚಿತರ ನಡುವೆ ಬಿಟ್ಟರೆ, ಅವರು ಜಗಳವಾಡುತ್ತಾರೆ. ಬೈದದ್ದನ್ನು ನಾನು ಸಮರ್ಥಿಸುತ್ತಿಲ್ಲ. ಆದರೆ ಬೈಗುಳವನ್ನು ಹತ್ತಿಕ್ಕಲು ವರದಿ, ನಿಷೇಧ, ಮೌನಗುಂಡಿಗಳನ್ನು ಕಟ್ಟುವ ಜಾಣ್ಮೆಯಲ್ಲಿ ಒಂದು ಪಾಲನ್ನಾದರೂ ಆಯುಧಗಳ ವಿನ್ಯಾಸಕ್ಕೆ ಕೊಡಬೇಕಿತ್ತು ಎಂದು ಗಟ್ಟಿಯಾಗಿ ನಂಬುತ್ತೇನೆ.

ಅದೇ ಅಪ್‌ಡೇಟ್‌ನ ಇನ್ನೊಂದು ಗಾಯ

ರಿವಾಲ್ವರ್‌ನ ಸದ್ದಿನಲ್ಲಿ ಮುಳುಗಿಹೋದ ಇನ್ನೊಂದು ಬದಲಾವಣೆ ಅದೇ ಅಪ್‌ಡೇಟ್‌ನಲ್ಲಿತ್ತು. ಎಕೆ-47, ಎಂ4ಎ4, ಎಂ4ಎ1-ಎಸ್ ಎಂಬ ಮೂರು ಮುಖ್ಯ ರೈಫಲ್‌ಗಳಲ್ಲಿ, ಗುಂಡು ಹಾರಿದ ಮೇಲೆ ನಿಖರತೆ ಮರಳಲು ಹಿಡಿಯುವ ಸಮಯವನ್ನು ವಾಲ್ವ್ ಬದಲಿಸಿತ್ತು. ಗುಂಡಿ ಬಿಡದೆ ಸಾಲಾಗಿ ಹಾರಿಸುವ ಸ್ಪ್ರೇ ಯಾವ ದೂರದವರೆಗೆ ಲಾಭದಾಯಕವೋ ಆ ದೂರವನ್ನು ಕುಗ್ಗಿಸಿ, ಒಂದೊಂದೇ ಗುಂಡು ಹಾರಿಸುವ ಟ್ಯಾಪ್ ಮತ್ತು ಎರಡು-ಮೂರು ಗುಂಡುಗಳ ಬರ್ಸ್ಟ್‌ಗೆ ಬೆಲೆ ತರುವುದು ಉದ್ದೇಶ.

ಉದ್ದೇಶ ತಪ್ಪೇನಲ್ಲ. ಆದರೆ ಈ ಆಟದಲ್ಲಿ ಸ್ಪ್ರೇ ಎಂದರೆ ಕುರುಡು ಗುಂಡಿನ ಮಳೆಯಲ್ಲ. ಎಕೆ-47ನ 30 ಗುಂಡುಗಳು ಒಂದು ನಿಶ್ಚಿತ ವಿನ್ಯಾಸದಲ್ಲಿ ಸಾಗುತ್ತವೆ: ಮೊದಲು ಮೇಲಕ್ಕೆ, ಆಮೇಲೆ ಪಕ್ಕಕ್ಕೆ ಅತ್ತಿತ್ತ. ಆಟಗಾರನು ಮೌಸನ್ನು ಅದಕ್ಕೆ ವಿರುದ್ಧವಾಗಿ ಎಳೆದು ಗುಂಡುಗಳನ್ನು ಒಂದೇ ಜಾಗದಲ್ಲಿ ಬೀಳಿಸಬೇಕು. ಖಾಲಿ ಸರ್ವರ್‌ನಲ್ಲಿ ಗೋಡೆಯ ಮುಂದೆ ನಿಂತು ಇದನ್ನು ತಿಂಗಳುಗಟ್ಟಲೆ ಅಭ್ಯಾಸ ಮಾಡಿದವರಿದ್ದಾರೆ. ಕೈಗೆ ಹತ್ತಿದ ಆ ವಿದ್ಯೆಯ ಬೆಲೆ ರಾತ್ರೋರಾತ್ರಿ ಇಳಿಯಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಷ್ಟೇ ಎಂ4ಎ1-ಎಸ್ ಬಂದೂಕನ್ನು ದುರ್ಬಲಗೊಳಿಸಿದ್ದರು, ಎಷ್ಟೋ ಮಂದಿ ಎಂ4ಎ4ಗೆ ಬದಲಾಗಿ ಕೈ ಕೂರಿಸಿಕೊಳ್ಳುತ್ತಿದ್ದ ಹೊತ್ತದು.

ಎರಡು ಸಿಟ್ಟುಗಳ ಗುಣವೇ ಬೇರೆ. ಆರ್8ನ ಸಿಟ್ಟು ಇನ್ನೊಬ್ಬನಿಗೆ ಪುಕ್ಕಟೆಯಾಗಿ ಸಿಕ್ಕ ಬಲದ ಮೇಲಿನದು. ರೈಫಲ್‌ನ ಸಿಟ್ಟು ತಾನು ದುಡಿದು ಗಳಿಸಿದ್ದನ್ನು ಕಳೆದುಕೊಂಡ ನೋವು. ಮೊದಲನೆಯದು ಕೂಗಾಡುತ್ತದೆ, ತಮಾಷೆಯ ವಿಡಿಯೊ ಆಗುತ್ತದೆ, ಬಂದೂಕು ಸರಿಯಾದ ದಿನ ಆರುತ್ತದೆ. ಎರಡನೆಯದು ಹಾಗಲ್ಲ, ಅದು ಆಟದ ಮೇಲಿನ ನಂಬಿಕೆಯನ್ನು ತಟ್ಟುತ್ತದೆ. ನಾಳೆ ಮತ್ತೆ ಬದಲಾಗುವುದಾದರೆ ಇವತ್ತು ಏಕೆ ಕಲಿಯಬೇಕು?

ಇವೆರಡನ್ನೂ ಒಂದೇ ದಿನ ಬಿಟ್ಟದ್ದು ವಾಲ್ವ್ ಮಾಡಿದ ನಿಜವಾದ ತಪ್ಪು ಎಂಬುದು ನನ್ನ ತೀರ್ಮಾನ. ರೈಫಲ್ ದುರ್ಬಲವಾದ ದಿನವೇ ಒಂದೇ ಗುಂಡಿನ ಪಿಸ್ತೂಲ್ ಬಂತು. ಸೋತವನು ಯಾವುದಕ್ಕೆ ಸೋತ? ಆರ್8 ಬಲವಾಗಿದ್ದಕ್ಕೋ, ತನ್ನ ಎಕೆ ಮೊದಲಿನಂತೆ ಹೊಡೆಯದ್ದಕ್ಕೋ? ಆಟಗಾರನಿಗೂ ತಿಳಿಯದು, ಅಂಕಿಅಂಶ ನೋಡುತ್ತಿದ್ದ ವಿನ್ಯಾಸಕನಿಗೂ ತಿಳಿಯುವುದು ಕಷ್ಟ. ಅಕ್ಟೋಬರ್ ಕೊನೆಯಲ್ಲಿ ರೊಮೇನಿಯಾದ ಕ್ಲೂಜ್-ನಪೋಕಾದಲ್ಲಿ ಆರಂಭವಾದ, ಮೇಜರ್ ಎಂದು ಕರೆಯುವ ದೊಡ್ಡ ಟೂರ್ನಿ ನವೆಂಬರ್ 1ಕ್ಕೆ ಮುಗಿದಿತ್ತು, ಮುಂದಿನ ಮೇಜರ್ 2016ರ ಮಾರ್ಚ್ ಕೊನೆಗೆ ಅಮೆರಿಕದ ಕೊಲಂಬಸ್‌ನಲ್ಲಿ. ನಡುವಿನ ಬಿಡುವಿನಲ್ಲಿ ದೊಡ್ಡ ಬದಲಾವಣೆ ತರುವುದು ಸಹಜವೇ. ಆ ಬಿಡುವು ನಾಲ್ಕೈದು ತಿಂಗಳಷ್ಟಿತ್ತು, ಒಂದನ್ನು ಬಿಟ್ಟು ಕೆಲವು ವಾರ ನೋಡಿ ಇನ್ನೊಂದನ್ನು ಬಿಡಲು ಧಾರಾಳವಾಗಿ ಸಾಕಾಗುತ್ತಿತ್ತು.

ಹೊಸ ವರ್ಷ ಬರುವ ಮೊದಲೇ ರೈಫಲ್‌ಗಳ ಬದಲಾವಣೆಯನ್ನೂ ವಾಲ್ವ್ ಹಿಂತೆಗೆದುಕೊಂಡಿತು.

86

ಎರಡು ದಿನಗಳಲ್ಲಿ ಬಂದ ತಿದ್ದುಪಡಿಯಲ್ಲಿ ಆರ್8ನ ಮೂಲ ಪೆಟ್ಟು 115ರಿಂದ 86ಕ್ಕೆ ಇಳಿಯಿತು, ಗುಂಡು ಹಾರುವ ಮುನ್ನಿನ ವಿಳಂಬ ಹೆಚ್ಚಿತು. ಈ 86 ಎಂಬ ಸಂಖ್ಯೆಯನ್ನು ತುಸು ನಿಂತು ನೋಡುವುದು ಒಳ್ಳೆಯದು.

ಕವಚ ತೊಟ್ಟ ಎದೆಗೆ ಒಂದೇ ಗುಂಡಿನ ಸಾವು ತಪ್ಪಿಸಬೇಕೆಂದಷ್ಟೇ ಇದ್ದರೆ 115ರಿಂದ 107ಕ್ಕೆ ಇಳಿಸಿದ್ದರೂ ಸಾಕಾಗುತ್ತಿತ್ತು. 107ರಲ್ಲಿ ಶೇಕಡಾ 93.2 ಎಂದರೆ 99 ಚಿಲ್ಲರೆ. ಸತ್ತವನಲ್ಲ, ಬದುಕಿದವನೂ ಅಲ್ಲ, ಒಂದು ಅಂಕ ಉಳಿಸಿಕೊಂಡು ನಿಂತವನು. ಹಾಗೆ ಮಾಡಿದ್ದರೆ ಹತಾಶೆ ಗುಂಡು ತಿಂದವನಿಂದ ಗುಂಡು ಹೊಡೆದವನಿಗೆ ವರ್ಗವಾಗುತ್ತಿತ್ತು. 99 ಅಂಕದ ಪೆಟ್ಟು ಕೊಟ್ಟೂ ಎದುರಾಳಿ ಬೀಳದಿರುವುದು ಈ ಆಟದಲ್ಲಿ ಎಲ್ಲರೂ ಹಲ್ಲು ಕಡಿಯುವ ಗಳಿಗೆ. ಕವಚವಿಲ್ಲದವನಂತೂ 107ಕ್ಕೆ ಸಾಯುತ್ತಲೇ ಇರುತ್ತಿದ್ದ, ಹಣವಿಲ್ಲದೆ ಕವಚ ಬಿಟ್ಟವರಿಗೆ ಯಾವ ಪರಿಹಾರವೂ ಸಿಗುತ್ತಿರಲಿಲ್ಲ. 86 ಈ ಎರಡೂ ಗಡಿಗಳಿಂದ ದೂರ ನಿಂತ ಸಂಖ್ಯೆ. ಕವಚವಿರಲಿ ಇಲ್ಲದಿರಲಿ, ಎದೆಗೆ ಬಿದ್ದ ಒಂದು ಗುಂಡು ಕೊಲ್ಲದು. ಕವಚ ಇದ್ದವನಲ್ಲಿ ಸುಮಾರು 20 ಅಂಕ ಉಳಿಯುತ್ತದೆ, ಹೊಡೆದವನ ಜೊತೆಗಾರ ಒಂದು ಗುಂಡಿನಿಂದ ಕೆಲಸ ಮುಗಿಸಬಹುದು. ತಲೆಗೆ ಬಿದ್ದರೆ ಮೊದಲಿನಂತೆ ಸಾವು ಖಚಿತ. ಕೆರಳಿದ ಆಟಗಾರರು ಕೇಳಿದ್ದನ್ನೇ ಈ ಸಂಖ್ಯೆ ಕೊಟ್ಟಿತು, ಅದೂ ಅಳತೆ ಮಾಡಿ ಕೊಟ್ಟಿತು. ಅವಸರದಲ್ಲಿ ಮಾಡಿದ ಕೆಲಸದಲ್ಲಿ ಇಷ್ಟು ಎಚ್ಚರ ಕಂಡರೆ ಮೆಚ್ಚಬೇಕು.

ಆದರೆ ಈ ತಿದ್ದುಪಡಿಯಿಂದ ಆರ್8 ಬದುಕಲಿಲ್ಲ. ಅದೇ ಸ್ಥಾನದಲ್ಲಿರುವ ಡೆಸರ್ಟ್ ಈಗಲ್‌ಗೆ 700 ಡಾಲರ್. ಅದೂ ತಲೆಗೆ ಒಂದೇ ಗುಂಡಿನಲ್ಲಿ ಕೊಲ್ಲುತ್ತದೆ, ಯಾವ ವಿಳಂಬವೂ ಇಲ್ಲದೆ. 150 ಡಾಲರ್ ಹೆಚ್ಚು ಕೊಟ್ಟು ಕಾಯುವ ಬಂದೂಕನ್ನು ಯಾರು ಕೊಳ್ಳುತ್ತಾರೆ? ಮುಂದೆ ಅದರ ಬೆಲೆಯನ್ನು 600ಕ್ಕೆ ಇಳಿಸಿದರು. 2023ರ ಸೆಪ್ಟೆಂಬರ್‌ನಲ್ಲಿ ಬಂದ ಕೌಂಟರ್-ಸ್ಟ್ರೈಕ್ 2ರಲ್ಲೂ ಅದು ಅದೇ ಬೆಲೆಗೆ ಸಿಗುತ್ತದೆ. ಮೊದಲ ಸುತ್ತಿನಲ್ಲೇ ಕೊಳ್ಳಬಹುದಾದ ಬೆಲೆ ಅದು. ಆದರೂ ಪಂದ್ಯಗಳಲ್ಲಿ ಅದನ್ನು ಕಾಣುವುದು ಅಪರೂಪ.

ಸದ್ದಿಲ್ಲದೆ ಬಲಿತವು

ಆರ್8 ಸರಿಯಾಗಲು ಎರಡು ದಿನ ಸಾಕಾಯಿತು, ಏಕೆಂದರೆ ಅದರ ಅನ್ಯಾಯ ಮೊದಲ ಗಂಟೆಯಲ್ಲೇ ಕಣ್ಣಿಗೆ ಹೊಡೆಯುತ್ತಿತ್ತು. ಅದಕ್ಕೆ ಮುಂಚೆ 2014ರಲ್ಲಿ ಬಂದ ಸಿಝೆಡ್75-ಆಟೊ ಪಿಸ್ತೂಲಿಗೆ ಈ ಭಾಗ್ಯ ಇರಲಿಲ್ಲ. ಗುಂಡಿ ಒತ್ತಿ ಹಿಡಿದರೆ 12 ಗುಂಡುಗಳನ್ನು ಬಡಬಡನೆ ಉಗುಳುವ, ಆರಂಭದಲ್ಲಿ 300 ಡಾಲರಿಗೇ ಸಿಗುತ್ತಿದ್ದ ಆ ಬಂದೂಕು ಇಕೋ ಸುತ್ತಿನ ಅರ್ಥವನ್ನೇ ಕೆಡಿಸಿತ್ತು. ಅದರ ಬೆಲೆಯನ್ನು 500ಕ್ಕೆ ಏರಿಸಿ, ಹೊಡೆದರೆ ಸಿಗುವ ಬಹುಮಾನವನ್ನು 100ಕ್ಕೆ ಇಳಿಸುವವರೆಗೆ ಆಟಗಾರರು ತಿಂಗಳುಗಟ್ಟಲೆ ಅದರೊಂದಿಗೆ ಏಗಿದರು. ಒಂದೇ ಗುಂಡಿಗೆ ಕೊಲ್ಲದ್ದರಿಂದ ಅದರ ಅನ್ಯಾಯವನ್ನು ಹದಿನೈದು ಸೆಕೆಂಡಿನ ವಿಡಿಯೊದಲ್ಲಿ ತೋರಿಸಲಾಗುತ್ತಿರಲಿಲ್ಲ, ಹಲವು ಪಂದ್ಯಗಳ ಹಣದ ಲೆಕ್ಕ ಇಟ್ಟವರಿಗಷ್ಟೇ ಅದು ಕಾಣುತ್ತಿತ್ತು.

ಮುಂದೆ 2018ರಲ್ಲಿ ದುರ್ಬೀನು ಇರುವ ಎಸ್‌ಜಿ 553 ರೈಫಲ್‌ನ ಬೆಲೆ 2750ಕ್ಕೆ ಇಳಿದಾಗ ನಡೆದದ್ದೂ ಇದೇ. ಎಕೆ-47ಗಿಂತ 50 ಡಾಲರ್ ಮಾತ್ರ ಹೆಚ್ಚು, ಕವಚವನ್ನು ಪೂರ್ತಿಯಾಗಿ ಸೀಳುವ ಗುಂಡು, ಹೆಲ್ಮೆಟ್ ತೊಟ್ಟ ತಲೆಗೆ ಒಂದೇ ಸಾಕು. ಬೆಲೆ ಇಳಿದ ದಿನ ಯಾರೂ ಕೂಗಲಿಲ್ಲ. ಆರು ವರ್ಷಗಳಿಂದ ಅಂಗಡಿಯಲ್ಲಿದ್ದ, ಹೆಚ್ಚಿನವರು ಮುಟ್ಟದ ಬಂದೂಕು ಅದು. ಒಬ್ಬಿಬ್ಬರು ವೃತ್ತಿಪರರು ಹಿಡಿದರು, ನೋಡಿದವರು ಹಿಡಿದರು, 2019ರ ಹೊತ್ತಿಗೆ ದೊಡ್ಡ ಟೂರ್ನಿಗಳಲ್ಲಿ ಎಕೆ-47ನ ಸ್ಪ್ರೇ ಕಲಿತವರೇ ಅದನ್ನು ಕೆಳಗಿಟ್ಟು ದುರ್ಬೀನಿನ ಮೂಲಕ ನೋಡುತ್ತಿದ್ದರು. ಅದರ ಗುಂಡು ಹಾರಿಸುವ ವೇಗವನ್ನು ಕುಗ್ಗಿಸಿ ಎಕೆಗೆ ಅದರ ಸ್ಥಾನ ಮರಳಿಸಿದ್ದು 2020ರಲ್ಲಿ.